ಪಾಚಿಯ ಪುಷ್ಟಿಯೂ ತೊಟ್ಟಿಯ ಗೊಬ್ಬರವೂ

ಕೆರೆಯ ನೀರಿನ ಮೇಲಣ ಹಸಿರು ಪಾಚಿಯನ್ನು ಕೈಯಿಂದ ಸರಿಸಿ ಕೊಡ ಮುಳುಗಿಸುವುದು ನಮ್ಮ ಜನರ ವಾಡಿಕೆ. ಅದೂ ಆಹಾರವಾದೀತೆಂದರೆ ಮೂಗು ಮುರಿಯುವವರೇ ಹೆಚ್ಚು. ಆದರೆ ಆಫ್ರಿಕ ಖಂಡದ ಚಾದ್ ಸರೋವರದ ಸೀಮೆಯಲ್ಲಿ ಕನೆಂಬು ಜನರ ಹೆಂಗಸರು ಸ್ಪಿರುಲಿನವೆಂಬ ಸೂಕ್ಷ್ಮಪಾಚಿಯನ್ನು ನೀರಿನಿಂದ ಸೋಸಿ, ಮರಳಿನ ಮೇಲೆ ಒಣಗಿಸಿ, ಸಾರಿಗೆ ಬಳಸುತ್ತ ಬಂದಿದ್ದಾರೆ. ಈಗ ಅದೇ ಪಾಚಿಯು ತೊಟ್ಟಿಗಳಲ್ಲಿ ಬೆಳೆದು, ಪುಡಿಯಾಗಿ, ಗುಳಿಗೆಯಾಗಿ ಅಂಗಡಿಗಳಿಗೆ ಬರುತ್ತಿದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವೂ ಇದರ ಕೃಷಿಯಲ್ಲಿ ಬಹಳ ಪರಿಶ್ರಮ ಮಾಡಿದೆ. ನೂರಕ್ಕೆ ೬೦ ಭಾಗ ಪ್ರೋಟೀನೆಂದು ಡಬ್ಬಿಗಳ ಮೇಲೆ ಅಚ್ಚಾಗಿರುವುದುಂಟು.

ಈ ಅಂಕಿಯು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅದು ಪಾಚಿಯ ಹುಟ್ಟುಗುಣವಲ್ಲ. ತೊಟ್ಟಿಯ ನೀರಿಗೆ ಹಾಕಿದ ಗೊಬ್ಬರದ ಫಲವೆಂಬುದನ್ನು ವಾಚಕರು ಮನಗಾಣಬೇಕು.

ಪ್ರೋಟೀನು ಕಟ್ಟಲು ಸಾರಜನಕವು ಬೇಕು. ಜಾರೂಕ್ ಎಂಬ ಸಂಶೋಧಕರು ೧೯೬೬ರಲ್ಲಿ ಸ್ಪಿರುಲಿನಕ್ಕೆ ಗೊತ್ತುಪಡಿಸಿದ ದ್ರಾವಣದಲ್ಲಿ ಲೀಟರು ನೀರಿಗೆ ೧೬.೮ ಗ್ರಾಂ ಅಡಿಗೆ ಸೋಡಾ, ೨.೫ ಗ್ರಾಂ ಸೋಡಿಯಂ ನೈಟ್ರೇಟು ಸೇರಿವೆ. ಈ ನೈಟ್ರೇಟೇ ಸಾರಜನಕದ ಮೂಲ. ಅದು ತೀರಿಹೋದರೂ ಬಿಸಿಲು ನಿಲ್ಲುವುದಿಲ್ಲ. ಪಾಚಿಯು ಅಂಗಾರವನ್ನು ಹೀರುತ್ತಲೇ ಇರುತ್ತದೆ. ಪ್ರೋಟೀನಾಗಲಾರದ ಆ ಅಂಗಾರವು ಪಿಷ್ಟಜಾತಿಯ ಪದಾರ್ಥವಾಗಿಯೋ ಕೊಬ್ಬಾಗಿಯೋ ಜೀವಕೋಶದಲ್ಲಿ ಕೂಡಿಕೊಳ್ಳುತ್ತದೆ. ಅಮೆರಿಕದ ಸ್ಪೋಹ್ರ್ ಮತ್ತು ಮಿಲ್ನರ್ ಎಂಬ ಪಂಡಿತರು ೧೯೪೯ರಲ್ಲಿ ಕ್ಲೊರೆಲ್ಲವೆಂಬ ಬೇರೊಂದು ಪಾಚಿಯ ವಿಷಯದಲ್ಲಿ ಪ್ರಕಟಿಸಿದ ಲೆಕ್ಕವು ಬೆರಗುಗೊಳಿಸುವಂಥದು. ಬೆಳೆಸುವ ಸ್ಥಿತಿಗತಿಗಳನ್ನು ಬದಲಿಸಿದ ಮಾತ್ರದಿಂದ ಅದರ ಪ್ರೋಟೀನು ನೂರಕ್ಕೆ ಸುಮಾರು ೮೮ರಿಂದ ೭ಕ್ಕೆ ಇಳಿಯಿತು. ಕೊಬ್ಬು ಸುಮಾರು ೫ರಿಂದ ೮೫ಕ್ಕೆ ಏರಿತು. ಒಂದೇ ಗಿಡದಲ್ಲಿ ಒಮ್ಮೆ ಬೇಳೆ, ಇನ್ನೊಮ್ಮೆ ಎಳ್ಳು ಬಿಟ್ಟಂತಾಯಿತು!

ಇಲ್ಲಿಯೇ ಮೋಸಕ್ಕೆ ಎಡೆಯಿರುವುದು. ಸಾರಜನಕವು ತೀರಿದ ಮೇಲೂ ಕೆಲಕಾಲ ಫಸಲಿನ ಒಣ ತೂಕವು ಏರುತ್ತಲೇ ಹೋಗುತ್ತದೆ. ಗೊಬ್ಬರದ ಖರ್ಚು ಉಳಿಸಿದವನ ತಕ್ಕಡಿಯು ಅವನನ್ನು ಬಯಲಿಗೆಳೆಯುವುದಿಲ್ಲ. ಕಣ್ಣಿಗೆ ಮಾತ್ರ ಒಂದು ಸುಳಿವು ಸಿಕ್ಕೀತು: ಹಸಿದ ಸ್ಪಿರುಲಿನವು ಮೊದಲು ತನ್ನ ನೀಲವರ್ಣದ ಪ್ರೋಟೀನನ್ನೇ ಕರಗಿಸಿಕೊಳ್ಳುವುದರಿಂದ ನೀಲಿ ಬೆರೆತ ಹಸಿರು ಹೋಗಿ ಹಳದಿಯ ಛಾಯೆ ಬರುತ್ತದೆ. ಪುಡಿಯಾಗಿ ಡಬ್ಬಿ ಸೇರಿದ ಮೇಲೆ ಅದನ್ನು ನೋಡುವವರಾರು?

ಹಸಿವೆಯು ಯಾವಾಗಲೂ ಕೆಡುಕೆಂದಲ್ಲ. ಉಪ್ಪುನೀರಿನ ಡ್ಯುನಲಿಯೆಲ್ಲ ಪಾಚಿಯು ಸಾರಜನಕ ಸಾಲದೆ, ಬಿಸಿಲೂ ಉಪ್ಪೂ ಹೆಚ್ಚಾದಾಗಲೇ ಗಜ್ಜರಿಯ ವರ್ಣದ್ರವ್ಯವಾದ ಕೆರೋಟೀನನ್ನು ಹೇರಳವಾಗಿ ಶೇಖರಿಸುತ್ತದೆ. ಅದನ್ನು ಬೆಳೆಸುವವರು ಬೇಕೆಂದೇ ಹಸಿವೆಗೊಡ್ಡುತ್ತಾರೆ. ಆದರೆ ಬಡ ಮಕ್ಕಳ ಪ್ರೋಟೀನಿಗಾಗಿ ಪುಡಿಯನ್ನು ಕೊಳ್ಳುವ ಅಧಿಕಾರಿಗಳು ತೂಕ ನೋಡಿ ಹಣ ಕೊಟ್ಟರೆ ಸಾಲದು. ಒಂದೊಂದು ಕೊಯ್ಲಿಗೂ ತಾರೀಖು ಸಹಿತ ಪರೀಕ್ಷಾಪತ್ರವನ್ನು ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

ಆ ಪತ್ರವನ್ನು ಓದುವುದರಲ್ಲಿಯೂ ಒಂದು ಎಚ್ಚರ ಬೇಕು. ಸಾಮಾನ್ಯವಾಗಿ ಸಾರಜನಕವನ್ನಳೆದು ೬.೨೫ರಿಂದ ಗುಣಿಸಿ ಪ್ರೋಟೀನೆಂದು ಬರೆಯುವುದು ರೂಢಿ. ಪಾಚಿಯ ಸಾರಜನಕವೆಲ್ಲವೂ ಪ್ರೋಟೀನಿನದಲ್ಲ. ಕೆಲಭಾಗ ಕೋಶಬೀಜದ ಆಮ್ಲಗಳದು. ಆದುದರಿಂದ ಕಾಗದದ ಮೇಲಣ ಅಂಕಿಯು ನಿಜಕ್ಕಿಂತ ತುಸು ಮೇಲೆಯೇ ನಿಲ್ಲುತ್ತದೆ.