ನೀಲಿ ಪರದೆಯ ಆಚೆ: ಸಿ ಕಂಪೈಲರ್ ಹಾಕಿಕೊಳ್ಳುವವರ ನಂಬಿಕೆಗಳು

“ಸಿ ಕಲಿಯೋಕೆ ಟರ್ಬೊ ಸಿ ಹಾಕಲೇಬೇಕು”

ಪಿಯುಸಿ, ಡಿಪ್ಲೊಮಾ, ಬಿಸಿಎ ಲ್ಯಾಬುಗಳಲ್ಲಿ ಕಲಿತು ಬಂದ ಒಂದೆರಡು ತಲೆಮಾರಿಗೆ ಸಿ ಭಾಷೆ ಎಂದರೆ ನೀಲಿ ಪರದೆ, ಅದರ ಮೇಲೆ ಹಳದಿ ಅಕ್ಷರ. ಬೊರ್ಲಂಡ್ ಕಂಪನಿ ಟರ್ಬೊ ಸಿ ಹೊರತಂದದ್ದು 1987ರಲ್ಲಿ. ಸಿ ಭಾಷೆಗೆ ಆನ್ಸಿ ಮಾನಕ ಸಿಕ್ಕಿದ್ದೇ ಅದಾದ ಮೇಲೆ, 1989ರಲ್ಲಿ. ಲ್ಯಾಬುಗಳಲ್ಲಿ ಉಳಿದುಕೊಂಡಿರುವ ಟರ್ಬೊ ಸಿ++ 3.0 ತೊಂಬತ್ತರ ದಶಕದ ಆರಂಭದ್ದು. ಸಿ++ಗೆ ಐಎಸ್‌ಒ ಮಾನಕ ಬಂದದ್ದು 1998ರಲ್ಲಿ. ಹೀಗಾಗಿ ಟರ್ಬೊ ಸಿ++ಗೆ ನೇಮ್‌ಸ್ಪೇಸ್ ಗೊತ್ತಿಲ್ಲ, ಇವತ್ತಿನ ಪುಸ್ತಕಗಳ ಸಿ++ ಪ್ರೋಗ್ರಾಮುಗಳನ್ನು ಅದು ಮೊದಲ ಸಾಲಿನಲ್ಲೇ ತಿರಸ್ಕರಿಸುತ್ತದೆ.

ಅದು ಡಾಸ್ ಕಾಲದ 16 ಬಿಟ್ ತಂತ್ರಾಂಶ. 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ ಎಂದೇ ಡಾಸ್‌ಬಾಕ್ಸ್ ಎಂಬ ನಕಲಿ ಡಾಸ್ ಒಳಗೆ ಕೂರಿಸಿ ಓಡಿಸುತ್ತಾರೆ. ಇದರ ಪರಿಣಾಮ ಲೆಕ್ಕದಲ್ಲೇ ಕಾಣುತ್ತದೆ. ಅದರ ‘ಇಂಟ್’ ಒಳಗೆ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು. ಎಲ್ಲರೂ ಬರೆಯುವ ಫ್ಯಾಕ್ಟೋರಿಯಲ್ ಪ್ರೋಗ್ರಾಮನ್ನೇ ನೋಡಿ: 7ಕ್ಕೆ 5,040 ಎಂದು ಸರಿಯಾಗಿ ಹೇಳುತ್ತದೆ. 8ಕ್ಕೆ 40,320 ಬರಬೇಕಾದ ಕಡೆ ಮೈನಸ್ 25,216 ಎಂದು ಮುದ್ರಿಸುತ್ತದೆ. ಅದೇ ಪ್ರೋಗ್ರಾಮ್ ಇಂದಿನ ಜಿಸಿಸಿ ಎಂಬ ಪುಕ್ಕಟೆ ಕಂಪೈಲರಿನಲ್ಲಿ 12ರವರೆಗೂ ಸರಿಯಾದ ಉತ್ತರ ಕೊಡುತ್ತದೆ, 13ಕ್ಕೆ ಅದೂ ಎಡವುತ್ತದೆ.

ಪರದೆ ಒರೆಸುವ ‘ಕ್ಲಿಯರ್ ಸ್ಕ್ರೀನ್’, ಕೊನೆಯಲ್ಲಿ ಒಂದು ಕೀ ಒತ್ತಲಿ ಎಂದು ಕಾಯಿಸುವ ‘ಗೆಟ್‌ಸಿಎಚ್’, ಇವೆರಡೂ ಸಿ ಭಾಷೆಯ ಭಾಗವಲ್ಲ. ಡಾಸ್ ಕಂಪೈಲರುಗಳ ಜೊತೆ ಬಂದ ಸೇರ್ಪಡೆಗಳು. ಲಿನಕ್ಸ್‌ನಲ್ಲಿ ಅವುಗಳ ಹೆಡರ್ ಫೈಲೇ ಇರುವುದಿಲ್ಲ. ಹಾಗೆಂದು ಟರ್ಬೊ ಸಿಯನ್ನು ಹೀಗಳೆಯಬೇಕಿಲ್ಲ. ಬರೆಯುವುದು, ಕಂಪೈಲ್ ಮಾಡುವುದು, ಓಡಿಸುವುದು ಎಲ್ಲವನ್ನೂ ಒಂದೇ ಕಿಟಕಿಯೊಳಗೆ ತಂದದ್ದು ಆ ಕಾಲಕ್ಕೆ ದೊಡ್ಡ ಸಾಧನೆ. ರೆಕಾರ್ಡ್ ಬುಕ್ಕಿಗಾಗಿ, ಪ್ರಾಕ್ಟಿಕಲ್ ಪರೀಕ್ಷೆಗಾಗಿ ಬೇಕೇಬೇಕೆಂದರೆ ಹಾಕಿಕೊಳ್ಳಿ. ಭಾಷೆ ಕಲಿಯಲು ಬೇಡ.

“ವಿಎಸ್ ಕೋಡ್ ಹಾಕಿದ್ದೇನಲ್ಲ, ಇನ್ನೇನು ಬೇಕು?”

ಆ ಒಂದೇ ಕಿಟಕಿಯ ಅಭ್ಯಾಸದಿಂದಲೇ ಹುಟ್ಟಿದ ಗೊಂದಲ ಇದು. ವಿಎಸ್ ಕೋಡ್ ಬರೆಯುವ ಜಾಗ, ಅಷ್ಟೇ. ಅದಕ್ಕೆ ಸೇರಿಸುವ ಸಿ/ಸಿ++ ಎಕ್ಸ್‌ಟೆನ್ಷನ್ ಬಣ್ಣ ಹಚ್ಚುತ್ತದೆ, ತಪ್ಪು ತೋರಿಸುತ್ತದೆ, ಡಿಬಗರ್ ಜೊತೆ ಮಾತಾಡುತ್ತದೆ. ಕಂಪೈಲರನ್ನು ಮಾತ್ರ ತಂದುಕೊಡುವುದಿಲ್ಲ. ವಿಷುವಲ್ ಸ್ಟುಡಿಯೊ ಎಂಬುದು ಬೇರೆಯೇ ತಂತ್ರಾಂಶ. ಅದರಲ್ಲೂ ಇನ್‌ಸ್ಟಾಲ್ ಮಾಡುವಾಗ ಸಿ++ ವಿಭಾಗಕ್ಕೆ ಗುರುತು ಹಾಕಿದರೆ ಮಾತ್ರ ಕಂಪೈಲರ್ ಬರುತ್ತದೆ. ಕೋಡ್‌ಬ್ಲಾಕ್ಸ್‌ನವರು ವಿಂಡೋಸ್‌ಗೆ ಕಂಪೈಲರ್ ಇರುವ ಫೈಲ್, ಇಲ್ಲದ ಫೈಲ್ ಎರಡನ್ನೂ ಇಟ್ಟಿದ್ದಾರೆ. ಹೆಸರಿನಲ್ಲಿ ‘ಮಿನ್‌ಜಿಡಬ್ಲ್ಯು’ ಎಂದಿರುವುದನ್ನೇ ಇಳಿಸಿಕೊಳ್ಳಬೇಕು.

“ಕಮಾಂಡ್ ಸಿಗುತ್ತಿಲ್ಲ ಅಂದರೆ ಇನ್‌ಸ್ಟಾಲ್ ಆಗಿಲ್ಲ ಅಂತ ಅರ್ಥ”

ಇದರಿಂದ ಹಾಳಾದಷ್ಟು ಸಂಜೆಗಳು ಇನ್ನಾವುದರಿಂದಲೂ ಹಾಳಾಗಿರಲಾರವು. ಕಂಪೈಲರ್ ಡಿಸ್ಕ್‌ನಲ್ಲಿ ಕೂತಿರುತ್ತದೆ. ಕಮಾಂಡ್ ಪ್ರಾಂಪ್ಟ್‌ಗೆ ಅದರ ವಿಳಾಸ ಗೊತ್ತಿರುವುದಿಲ್ಲ. ನೀವು ‘ಜಿಸಿಸಿ’ ಎಂದು ಹೊಡೆದಾಗ ವಿಂಡೋಸ್ ಹುಡುಕುವುದು ನೀವಿರುವ ಫೋಲ್ಡರಿನಲ್ಲಿ, ಆಮೇಲೆ ‘ಪಾತ್’ ಎಂಬ ಪಟ್ಟಿಯಲ್ಲಿರುವ ಫೋಲ್ಡರುಗಳಲ್ಲಿ. ವಿಂಡೋಸ್‌ಗೆ ಜಿಸಿಸಿ ತಂದುಕೊಡುವ ಎಂಸಿಸ್2 ಮೂಲಕ ಹಾಕಿಕೊಂಡಿದ್ದರೆ ಸಾಮಾನ್ಯವಾಗಿ ಸಿ ಡ್ರೈವ್‌ನ ಎಂಸಿಸ್64, ಅದರೊಳಗೆ ಯುಸಿಆರ್‌ಟಿ64, ಅದರೊಳಗೆ ಬಿನ್. ಈ ಬಿನ್ ಫೋಲ್ಡರಿನ ವಿಳಾಸ ಪಾತ್‌ಗೆ ಸೇರಬೇಕು.

ಸೇರಿಸಿದ ಮೇಲೂ ಅದೇ ದೂರು ಬಂದರೆ ಗಾಬರಿ ಬೇಡ. ಆಗಲೇ ತೆರೆದಿದ್ದ ಕಪ್ಪು ಕಿಟಕಿ ಹಳೆಯ ಪಟ್ಟಿಯನ್ನೇ ಹಿಡಿದುಕೊಂಡಿರುತ್ತದೆ. ಮುಚ್ಚಿ ಹೊಸದು ತೆರೆಯಿರಿ. ವಿಎಸ್ ಕೋಡನ್ನೂ ಪೂರ್ತಿ ಮುಚ್ಚಿ ತೆರೆಯಿರಿ.

ಇದರ ಉಲ್ಟಾ ಸಮಸ್ಯೆಯೂ ಉಂಟು. ಮೂರು ಸಲ ಮೂರು ಕಡೆಯಿಂದ ಇನ್‌ಸ್ಟಾಲ್ ಮಾಡಿದವರ ಯಂತ್ರದಲ್ಲಿ ಮೂರು ಕಂಪೈಲರುಗಳಿರುತ್ತವೆ. ಪಟ್ಟಿಯಲ್ಲಿ ಮೊದಲಿರುವುದೇ ಓಡುತ್ತದೆ, ಅದು ಎಲ್ಲಕ್ಕಿಂತ ಹಳೆಯದೂ ಆಗಿರಬಹುದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ವೇರ್ ಜಿಸಿಸಿ’ ಎಂದು ಕೇಳಿದರೆ ಎಲ್ಲದರ ವಿಳಾಸವನ್ನೂ ಅದೇ ಕ್ರಮದಲ್ಲಿ ಕೊಡುತ್ತದೆ.

“ಎರರ್ ಬಂತು, ಕಂಪೈಲರ್ ಕೆಟ್ಟಿದೆ”

ಜಿಸಿಸಿ ಎಂಬ ಆ ಫೈಲು ಒಬ್ಬ ಮೇಸ್ತ್ರಿ. ಪ್ರೀಪ್ರೊಸೆಸರ್, ಕಂಪೈಲರ್, ಅಸೆಂಬ್ಲರ್, ಲಿಂಕರ್ ನಾಲ್ವರಿಗೂ ಸಾಲಾಗಿ ಕೆಲಸ ಹಚ್ಚುತ್ತಾನೆ. ಎರರ್ ಯಾರದ್ದು ಎಂದು ತಿಳಿದರೆ ಅರ್ಧ ಕೆಲಸ ಮುಗಿಯಿತು. ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದರೆ ದೂರು ಲಿಂಕರ್‌ನದು. ವಿಂಡೋಸ್‌ನಲ್ಲಿ ‘ವಿನ್‌ಮೇನ್’ ಸಿಗಲಿಲ್ಲ ಎಂದು ಬಂದರೆ ನಿಮ್ಮ ಫೈಲಿನಲ್ಲಿ ‘ಮೇನ್’ ಇಲ್ಲ. ಬಹಳ ಸಲ, ಬರೆದದ್ದನ್ನು ಸೇವ್ ಮಾಡಿರುವುದಿಲ್ಲ. ಕಂಪೈಲರ್‌ಗೆ ಸಿಕ್ಕಿದ್ದು ಖಾಲಿ ಫೈಲು. ‘ಪರ್ಮಿಷನ್ ಡಿನೈಡ್’ ಎಂದರೆ ಹಿಂದಿನ ಸಲ ಓಡಿಸಿದ ಪ್ರೋಗ್ರಾಮ್ ಇನ್ನೂ ಮುಗಿಯದೆ ತನ್ನ ಫೈಲನ್ನು ಹಿಡಿದು ಕೂತಿರಬಹುದು. ಲಿನಕ್ಸ್‌ನಲ್ಲಿ ವರ್ಗಮೂಲ ಕೇಳಿದರೆ ಲಿಂಕರ್ ಸಿಟ್ಟಾಗುವುದುಂಟು. ಕಮಾಂಡಿನ ಕೊನೆಯಲ್ಲಿ ಗಣಿತದ ಲೈಬ್ರರಿಯನ್ನು ಹೆಸರಿಸಬೇಕು. ಇಂಥ ಯಾವುದಕ್ಕೂ ಅನ್‌ಇನ್‌ಸ್ಟಾಲ್ ಮದ್ದಲ್ಲ.

“ಪುಕ್ಕಟೆ ಕಂಪೈಲರ್ ಬಳಸಿದರೆ ನಮ್ಮ ಕೋಡನ್ನೂ ಹಂಚಬೇಕು”

ಬೇಕಿಲ್ಲ. ಜಿಸಿಸಿ ಇರುವುದು ಸೋರ್ಸ್ ಹಂಚಲು ಹೇಳುವ ಜಿಪಿಎಲ್ ಲೈಸೆನ್ಸಿನಡಿ, ನಿಜ. ಆದರೆ ಅದರ ರನ್‌ಟೈಮ್ ಲೈಬ್ರರಿಗಳಿಗೆ ಪ್ರತ್ಯೇಕ ವಿನಾಯಿತಿ ಇದೆ. ಜಿಸಿಸಿಯಿಂದ ಎಂದಿನಂತೆ ತಯಾರಿಸಿದ ಪ್ರೋಗ್ರಾಮನ್ನು ಸೋರ್ಸ್ ಕೊಡದೆ ಮಾರಲು ಅಡ್ಡಿಯಿಲ್ಲ.

“ಎಲ್ಲಾ ಕಡೆ ಜಿಸಿಸಿ ಅಂದರೆ ಜಿಸಿಸಿಯೇ”

ಉಬುಂಟುವಿನಲ್ಲಿ ಹೌದು. ‘ಬಿಲ್ಡ್ ಎಸೆನ್ಷಿಯಲ್’ ಎಂಬ ಒಂದು ಪ್ಯಾಕೇಜ್ ಹಾಕಿದರೆ ಜಿಸಿಸಿ, ಜಿ++, ಮೇಕ್, ಹೆಡರ್ ಫೈಲುಗಳು ಒಟ್ಟಿಗೇ ಬರುತ್ತವೆ. ಪಾತ್‌ನ ತಲೆನೋವೂ ಇಲ್ಲ. ಮ್ಯಾಕ್‌ನಲ್ಲಿ ಆ್ಯಪಲ್‌ನ ಕಮಾಂಡ್ ಲೈನ್ ಟೂಲ್ಸ್ ಹಾಕಿಕೊಂಡು ‘ಜಿಸಿಸಿ’ ಎಂದು ಹೊಡೆದರೆ ಓಗೊಡುವುದು ಕ್ಲ್ಯಾಂಗ್ ಎಂಬ ಬೇರೆ ಕಂಪೈಲರ್. ಲ್ಯಾಬಿನ ಪ್ರೋಗ್ರಾಮುಗಳಿಗೆ ಇದರಿಂದ ವ್ಯತ್ಯಾಸವೇನೂ ಆಗದು. ಎರರ್‌ಗಳ ಮಾತಿನ ಧಾಟಿ ಮಾತ್ರ ಪಕ್ಕದವರ ಪರದೆಯಲ್ಲಿ ಕಂಡದ್ದಕ್ಕಿಂತ ಬೇರೆಯಾಗಿರುತ್ತದೆ.