ಮಲಪ್ರಭೆಯ ದಂಡೆಯ ಇನ್ನೊಂದು ಹುಬ್ಬಳ್ಳಿ

ರಜೆ ಬಂತೆಂದರೆ ಮಕ್ಕಳು ಪ್ರವಾಸದ ಹಟ ಹಿಡಿಯುತ್ತಾರೆ. ಮೈಸೂರು, ಗೋವಾ ಎಂದು ಲೆಕ್ಕ ಹಾಕಿ, ಖರ್ಚಿಗೆ ಹೆದರಿ ಸುಮ್ಮನಾಗುವ ಮನೆಗಳೇ ಹೆಚ್ಚು. ಆದರೆ ಬೆಳಗಾವಿ-ಧಾರವಾಡದ ನಡುವೆ ಒಂದೆರಡು ದಿನಗಳಲ್ಲಿ ನೋಡಿ ಬರಬಹುದಾದ ಎಷ್ಟೋ ತಾಣಗಳಿವೆ. ಅವುಗಳಿಗೆ ಎಂ.ಕೆ. ಹುಬ್ಬಳ್ಳಿಯೇ ಹೆಬ್ಬಾಗಿಲು.

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿರುವ ಈ ಊರಿನ ಪೂರ್ಣ ಹೆಸರು ಮುಗಟಖಾನ ಹುಬ್ಬಳ್ಳಿ. ಬಸ್ಸು ಹತ್ತುವಾಗ ಬರಿಯ 'ಹುಬ್ಬಳ್ಳಿ' ಎಂದರೆ ಧಾರವಾಡವನ್ನೂ ದಾಟಿ ದೊಡ್ಡ ಹುಬ್ಬಳ್ಳಿಗೆ ಹೋದೀರಿ! ಸುತ್ತ ಕಬ್ಬಿನ ಹೊಲಗಳು, ಸಕ್ಕರೆ ಕಾರ್ಖಾನೆ, ಪಕ್ಕದಲ್ಲೇ ಮಲಪ್ರಭಾ ನದಿ. ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಸ್ಥಳ ಇಲ್ಲಿನ ನದಿಯಲ್ಲಿದೆ. ಮಳೆಗಾಲದಲ್ಲಿ ನೀರಿನ ಸೆಳೆತ ಜೋರು. ಮಕ್ಕಳ ಕೈ ಬಿಡಬೇಡಿ.

ರಾಣಿಯ ಕೋಟೆ

ಧಾರವಾಡದ ಕಡೆಗೆ ಅರ್ಧ ಗಂಟೆಯೊಳಗೆ ಕಿತ್ತೂರು ಸಿಗುತ್ತದೆ. 1824ರಲ್ಲಿ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ದತ್ತು ಮಗನಿಗೆ ಹಕ್ಕಿಲ್ಲವೆಂದ ಕಂಪೆನಿ ಸರಕಾರ ಬೊಕ್ಕಸಕ್ಕೆ ಮೊಹರು ಹಾಕಿಸಿತು. ರಾಣಿ ಚೆನ್ನಮ್ಮ ತಲೆಬಾಗಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಅವರನ್ನು ಬಿಟ್ಟು ಕಳಿಸಿದ ಮೇಲೂ ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ಗೆದ್ದುಕೊಂಡಿತು.

ಇಂದು ಅರಮನೆಯ ಮುರಿದ ಗೋಡೆಗಳು, ಕೊಳವೆಯ ಮೂಲಕ ಧ್ರುವ ನಕ್ಷತ್ರ ನೋಡುತ್ತಿದ್ದರೆನ್ನುವ ಜಾಗ, ಒಂದು ವಸ್ತು ಸಂಗ್ರಹಾಲಯ ನೋಡಲು ಸಿಗುತ್ತವೆ. ಸಮೀಪದ ದೇಗಾವಿಯಲ್ಲಿ 12ನೇ ಶತಮಾನದ ಕಮಲನಾರಾಯಣ ಗುಡಿಯಿದೆ. ಗೋವಾ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ ಅದರ ಕಲ್ಲಿನ ಕೆತ್ತನೆ ಕುಸುರಿ ಕಸೂತಿಯಂತಿದೆ.

ಬೈಲಹೊಂಗಲದ ಮೌನ

ಕಿತ್ತೂರು ನೋಡಿದವರೆಲ್ಲ ಬೈಲಹೊಂಗಲಕ್ಕೆ ಹೋಗುವುದಿಲ್ಲ. ಆದರೆ ಚೆನ್ನಮ್ಮನ ಕಥೆ ಮುಗಿಯುವುದು ಅಲ್ಲಿ. ಅಲ್ಲಿನ ಕೋಟೆಯಲ್ಲಿ ಸೆರೆಯಲ್ಲಿದ್ದ ಆಕೆ 1829ರಲ್ಲಿ ಕಣ್ಣು ಮುಚ್ಚಿದಳು. ಸಮಾಧಿ ಊರಲ್ಲೇ ಇದೆ. ಆಕೆಯ ಬಂಟ ಸಂಗೊಳ್ಳಿ ರಾಯಣ್ಣನ ಊರೂ ಈ ತಾಲೂಕಿನಲ್ಲಿದೆ. 1831ರಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಕುದುರೆಯೇರಿದ ರಾಣಿಯ ಪ್ರತಿಮೆಯನ್ನು ಮಾತ್ರ ಕಂಡಿರುವ ನಮ್ಮ ಹೆಣ್ಣುಮಕ್ಕಳಿಗೆ ಈ ಸಮಾಧಿಯನ್ನೂ ತೋರಿಸಬೇಕು. ಗೆದ್ದ ದಿನದ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ಸೋತು, ಎಲ್ಲವನ್ನೂ ಕಳೆದುಕೊಂಡ ಮೇಲೆ ಸೆರೆಯಲ್ಲಿ ವರ್ಷಗಳನ್ನು ಸವೆಸುವುದಕ್ಕೆ ಬೇಕಾದ ಧೈರ್ಯವೇನು ಕಡಿಮೆಯದೇ?

ನವಿಲುತೀರ್ಥ

ಮುಂದೆ ಸವದತ್ತಿ. ದಾರಿ ಸ್ವಲ್ಪ ಬಳಸಿದರೆ ಸೊಗಲದ ಜಲಪಾತ. ಮಳೆಗಾಲದ ನಂತರ ನೋಡಲು ಚೆಂದ. ನವಿಲುತೀರ್ಥದಲ್ಲಿ ಗುಡ್ಡಗಳ ಸಂದಿಯಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ್ದಾರೆ. ಹಿಂದೆ ನಿಂತ ನೀರೇ ರೇಣುಕಾಸಾಗರ. ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೆ ಹೋಗುವುದು ಈ ನೀರೇ. ಎಲ್ಲಮ್ಮನ ಗುಡ್ಡದ ಜಾತ್ರೆಯ ಹುಣ್ಣಿಮೆಗಳಂದು ವಾಹನಗಳ ಸಾಲು ವಿಪರೀತ; ಆ ದಿನಗಳನ್ನು ಬಿಟ್ಟು ಹೋಗಿ. ಅಣೆಕಟ್ಟಿನ ಕೆಳಗಿನ ರಾಮದುರ್ಗ 2019ರ ಆಗಸ್ಟ್ ಪ್ರವಾಹದಲ್ಲಿ ಬಹಳ ನೊಂದಿತು. ಅನ್ನ ಕೊಡುವ ನದಿಯ ಇನ್ನೊಂದು ಮುಖವನ್ನೂ ಮಕ್ಕಳಿಗೆ ಹೇಳಿ.

ಮರಳುವಾಗ ಬೆಳಗಾವಿಯ ಕಡೆ ಹೋಗುವವರು ಕೋಟೆಯೊಳಗಿನ ಸಫಾ ಮಸೀದಿಯನ್ನು ನೋಡಲು ಮರೆಯಬೇಡಿ. ಬಿಜಾಪುರದ ಆದಿಲ್ ಶಾಹಿಗಳ ಕಾಲದಲ್ಲಿ ಇಲ್ಲಿ ಅಧಿಕಾರಿಯಾಗಿದ್ದ ಅಸದ್ ಖಾನ್ ಕಟ್ಟಿಸಿದ್ದು ಅದು. ಅದೇ ಕೋಟೆಯಲ್ಲಿ ಜೈನರ ಕಮಲ ಬಸದಿಯೂ ಇದೆ.

ಕಿತ್ತೂರು, ದೇಗಾವಿ, ಬೈಲಹೊಂಗಲಕ್ಕೆ ಒಂದು ದಿನ, ಸವದತ್ತಿಗೆ ಇನ್ನೊಂದು ದಿನ ಸಾಕು. ನವೆಂಬರಿನಿಂದ ಫೆಬ್ರವರಿವರೆಗೆ ಬಿಸಿಲು ಕಡಿಮೆ. ಬುತ್ತಿ, ಕುಡಿಯುವ ನೀರು ಜೊತೆಗಿರಲಿ. ಹಳೆಯ ಗೋಡೆಗಳ ಮೇಲೆ ಮಕ್ಕಳು ಹೆಸರು ಗೀಚದಂತೆ ನೋಡಿಕೊಳ್ಳಿ. ಇನ್ನೂರು ವರ್ಷಗಳಿಂದ ಉಳಿದು ಬಂದ ಕಲ್ಲುಗಳು ಮುಂದಿನ ಮಕ್ಕಳಿಗೂ ಉಳಿಯಲಿ.