ಚಟ ಬಿಟ್ಟ ಮೇಲೆ ಮನೆ ಕಟ್ಟುವ ಲೆಕ್ಕ



ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಅವರು ಬೇಡಿದ್ದು ಕಾಳಲ್ಲ, ಕಾಸಲ್ಲ; ಜನರ ಚಟ. ನಿಮ್ಮ ಕುಡಿತ, ಜೂಜು, ತಂಬಾಕು ಈ ಜೋಳಿಗೆಗೆ ಹಾಕಿರೆಂದು ಮನೆಗಳ ಮುಂದೆ ನಿಂತರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಹುಟ್ಟಿದ ದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಚಟವೇನೋ ಜೋಳಿಗೆಗೆ ಬಿತ್ತು. ಆದರೆ ಚಟ ಮಾಡಿಟ್ಟ ಸಾಲ ಮನೆಯಲ್ಲೇ ಉಳಿಯುತ್ತದೆ. ಒತ್ತಿ ಬಿದ್ದ ಹೊಲ, ಅಡವಿಟ್ಟ ಬಂಗಾರ, ಅಂಗಡಿಯ ಉದ್ರಿ, ಬೀಗರ ಕೈಗಡ ಎಲ್ಲವೂ ಬಾಗಿಲಲ್ಲಿ ನಿಂತಿರುತ್ತವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಇಂಥ ಮನೆಯನ್ನು ಎಷ್ಟೋ ಸಲ ಹಿಡಿದು ನಿಲ್ಲಿಸುವುದು ಕೊಟ್ಟಿಗೆಯ ಎಮ್ಮೆ, ಆಕಳು. ಗಂಡನಿರಲಿ, ಮಗನಿರಲಿ, ಅವರ ಆರೋಗ್ಯ ಮರಳುವುದು ಒಂದು ಕೆಲಸ. ಮನೆಯ ಹಣಕಾಸು ಮರಳುವುದು ಇನ್ನೊಂದು. ಮೊದಲನೆಯದು ಪೂರ್ತಿಯಾಗಲಿ ಎಂದು ಎರಡನೆಯದನ್ನು ಕಾಯಿಸಬೇಡಿ.

ಮೊದಲು ವೈದ್ಯರು

ಬಹಳ ವರ್ಷ ದಿನಾಲೂ ಕುಡಿದವರು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನದೊಳಗೆ ಕೈನಡುಕ, ಫಿಟ್ಸ್, ಬುದ್ಧಿಭ್ರಮೆ ಬರಬಹುದು. ಜೀವಕ್ಕೇ ಅಪಾಯವಾಗುವುದುಂಟು. ಆದ್ದರಿಂದ ವೈದ್ಯರ ಸಲಹೆಯಲ್ಲೇ ಬಿಡಿಸಿ. ನಮಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಹತ್ತಿರ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳೂ ಹಳ್ಳಿಗಳ ಕಡೆ ನಡೆಯುತ್ತವೆ.

ಅವರಿಗೆ ಗೊತ್ತಾಗದಂತೆ ಊಟದಲ್ಲಿ ಪುಡಿ, ಗುಳಿಗೆ ಬೆರೆಸಬೇಡಿ. ಅದರ ಮೇಲೆ ಕುಡಿದರೆ ಪ್ರಾಣಕ್ಕೆ ಕುತ್ತು. ಬಿಟ್ಟವರು ಮತ್ತೆ ಜಾರುವುದೂ ಈ ಕಾಯಿಲೆಯ ಗುಣ. ಒಮ್ಮೆ ಜಾರಿದರೆ ಎಲ್ಲ ಮುಗಿಯಿತೆಂದು ಕೈಬಿಡದೆ ಮತ್ತೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಹಾಲಿನ ಬಿಲ್ಲು ನಿಮ್ಮ ಹೆಸರಿಗೆ

ಹಾಲು ಕರೆಯುವವರು, ಡೇರಿಗೆ ಹಾಕುವವರು ನೀವು. ಹಾಗಾದರೆ ಸಂಘದ ಸದಸ್ಯತ್ವ ಯಾರ ಹೆಸರಿನಲ್ಲಿದೆ? ಯಜಮಾನರ ಹೆಸರಿನಲ್ಲಿದ್ದರೆ ನೀವೇ ಸದಸ್ಯರಾಗುವ ಬಗೆಯನ್ನು ಕಾರ್ಯದರ್ಶಿಯವರಲ್ಲಿ ಕೇಳಿ. ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ 5 ರೂಪಾಯಿಗೆ ಏರಿದೆ. ಅದೂ ನೇರ ಖಾತೆಗೇ ಬರುತ್ತದೆ. ಆ ಖಾತೆ ನಿಮ್ಮದಿರಲಿ.

ಎಟಿಎಂ ಕಾರ್ಡು, ಪಿನ್ ನಿಮ್ಮ ಕೈಯಲ್ಲಿರಲಿ. ನಿಮ್ಮ ಖಾತೆಯನ್ನು ಬೇರೆಯವರ ಮೊಬೈಲಿನ ಫೋನ್‌ಪೇಗೆ ಜೋಡಿಸಬೇಡಿ. ಹಣ ಕಟ್ಟಿ ಆಡುವ ಮೊಬೈಲ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಆದರೂ ಎಚ್ಚರ ನಿಮ್ಮದೇ.

ಒಂದು ಲೆಕ್ಕ ಹಾಕೋಣ

ದಿನಕ್ಕೆ 8 ಲೀಟರ್ ಹಾಲು, ಲೀಟರಿಗೆ 35 ರೂಪಾಯಿ ಎಂದು ಹಿಡಿಯೋಣ. ತಿಂಗಳಿಗೆ 8,400 ರೂಪಾಯಿ. ಅರ್ಧ, ಅಂದರೆ 4,200 ರೂಪಾಯಿ ಹಿಂಡಿ, ಮೇವು, ಔಷಧಿಗೆ ಎತ್ತಿಡಿ. ಸಾಲ ತೀರಿಸುವ ಅವಸರದಲ್ಲಿ ಹಿಂಡಿ ಕಡಿಮೆ ಮಾಡಿದರೆ ಹಾಲೇ ಇಳಿಯುತ್ತದೆ. ಉಳಿದ 4,200ಕ್ಕೆ ಪ್ರೋತ್ಸಾಹಧನದ 1,200 ಸೇರಿದರೆ 5,400. ಇದರಲ್ಲಿ 2,700 ಸಾಲಕ್ಕೆ, 2,000 ಮನೆಖರ್ಚಿಗೆ, 700 ಉಳಿತಾಯಕ್ಕೆ. ಆಕಳು ಬತ್ತಿದ ತಿಂಗಳು ಕೈ ಹಿಡಿಯುವುದು ಆ 700.

ಈಗ ಸಾಲದ ಪಟ್ಟಿ ಮಾಡಿ. ಯಾರಿಗೆ, ಎಷ್ಟು, ಬಡ್ಡಿ ಎಷ್ಟು ಎಂದು ಒಂದು ವಹಿಯಲ್ಲಿ ಬರೆಯಿರಿ. ಕುಡಿತ ಬಿಟ್ಟವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ. ಮುಚ್ಚಿಟ್ಟ ಸಾಲ ಹೊರಬರುವುದು ಆಗಲೇ. ನೂರಕ್ಕೆ ತಿಂಗಳಿಗೆ 3 ರೂಪಾಯಿಯಂತೆ 50,000 ತಂದಿದ್ದರೆ ವರ್ಷದ ಬಡ್ಡಿ 18,000. ಹೈನುಗಾರಿಕೆಯ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ 2 ಲಕ್ಷದವರೆಗೆ, ವೇಳೆಗೆ ಸರಿಯಾಗಿ ಕಟ್ಟಿದರೆ ನೂರಕ್ಕೆ ವರ್ಷಕ್ಕೆ 4 ರೂಪಾಯಿ ಬಡ್ಡಿ. ಅಷ್ಟೇ ಹಣಕ್ಕೆ 2,000 ಮಾತ್ರ. ಈ ಕಾರ್ಡಿನ ಹಣ ಹಳೇ ಸಾಲ ತೀರಿಸಲಿಕ್ಕಲ್ಲ, ಹಿಂಡಿ ಮೇವಿನ ಖರ್ಚಿಗೆ. ಆದರೆ ಹಿಂಡಿಗಾಗಿ ಸಾಹುಕಾರನ ಬಾಗಿಲಿಗೆ ಹೋಗುವುದು ಅದರಿಂದ ತಪ್ಪುತ್ತದೆ. ಪಟ್ಟಿಯಲ್ಲಿ ಬಡ್ಡಿ ಹೆಚ್ಚಿದ್ದ ಸಾಲವನ್ನು ಮೊದಲು ತೀರಿಸಿ.

ಒಂದು ಸಾಲ ತೀರಿಸಲು ಇನ್ನೊಂದು ಮೈಕ್ರೋ ಫೈನಾನ್ಸ್ ಸಾಲ ಬೇಡ. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತೆ ಈ ಸಾಲ ಕೊಡಬಾರದೆಂದು ರಿಸರ್ವ್ ಬ್ಯಾಂಕಿನ 2022ರ ನಿಯಮವಿದೆ. ವಸೂಲಿಗೆ ಬಂದವರು ಬೆದರಿಸಿದರೆ, ಮರ್ಯಾದೆ ಕಳೆದರೆ 2025ರ ರಾಜ್ಯ ಕಾನೂನಿನಡಿ ಪೊಲೀಸರಿಗೆ ದೂರು ಕೊಡಬಹುದು. 10 ವರ್ಷದವರೆಗೂ ಶಿಕ್ಷೆಯಿದೆ.

ಉಳಿದ ಹೊಲ ಉಳಿಯಲಿ

ಹೋದದ್ದನ್ನು ನೆನೆದು ಅಳುವ ಮೊದಲು ಉಳಿದದ್ದರ ಉತಾರ ತೆಗೆಸಿ ನೋಡಿ. ಹೆಸರು ಯಾರದು, ಬೋಜಾ ಎಷ್ಟು, ತಿಳಿದಿರಲಿ. ಕುಡಿತಕ್ಕೆ, ಜೂಜಿಗೆ ತಂದೆ ಮಾಡಿದ ಸಾಲ ಮಕ್ಕಳು ತೀರಿಸಬೇಕಿಲ್ಲ ಎಂಬುದು ಹೊಸ ಮಾತಲ್ಲ. ಒಂಬತ್ತು ನೂರು ವರ್ಷದ ಹಿಂದೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರದಲ್ಲೇ ಅದಿದೆ. ಹಿಂದೂ ಅವಿಭಕ್ತ ಕುಟುಂಬದ ಹಿರಿಯರ ಹೊಲವನ್ನು ಚಟಕ್ಕಾಗಿ ಮಾರಿದ್ದರೆ ಮಕ್ಕಳು ತಮ್ಮ ಪಾಲಿಗಾಗಿ ನ್ಯಾಯಾಲಯಕ್ಕೆ ಹೋಗಬಹುದು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಸ್ವಂತ ದುಡಿದು ಕೊಂಡ ಹೊಲಕ್ಕೆ ಈ ಮಾತು ಹೊಂದುವುದಿಲ್ಲ. ಇದಕ್ಕೆ ಕಾಲಮಿತಿಯೂ ಇದೆ, ತಡ ಮಾಡಬೇಡಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ.

ಓದದೆ ಯಾವ ಕಾಗದಕ್ಕೂ ಸಹಿ, ಹೆಬ್ಬೆಟ್ಟು ಹಾಕಬೇಡಿ. ಸಹಿಗಾಗಿ, ರೊಕ್ಕಕ್ಕಾಗಿ ಹೊಡೆತ ಬಡಿತ ನಡೆದರೆ 181 ಮಹಿಳಾ ಸಹಾಯವಾಣಿ ಇದೆ.

ಕೆಲಸ ಮೊದಲು, ಕೀಲಿಕೈ ಆಮೇಲೆ

ಚಟ ಬಿಟ್ಟವರನ್ನು ಮೂಲೆಗೆ ಕೂರಿಸಬೇಡಿ. ಮೇವು ಕೊಯ್ಯುವುದು, ಕೊಟ್ಟಿಗೆ ತೊಳೆಯುವುದು, ಬೆಳಗ್ಗೆ ಡೇರಿಗೆ ಹಾಲು ಒಯ್ಯುವುದು ಅವರ ಪಾಲಿಗಿರಲಿ. ನಾಲ್ಕು ಜನರ ಎದುರು ಕ್ಯಾನ್ ಹಿಡಿದು ನಿಂತರೆ ಕಳೆದ ಮರ್ಯಾದೆ ಸ್ವಲ್ಪ ಸ್ವಲ್ಪವಾಗಿ ಮರಳುತ್ತದೆ. ಆದರೆ ಶುರುವಿನ ತಿಂಗಳುಗಳಲ್ಲಿ ಕೈತುಂಬ ರೊಕ್ಕ ಕೊಡುವುದು ಅವರಿಗೇ ಭಾರ. ಹಾಗೆಂದು ಲೆಕ್ಕ ಮುಚ್ಚಿಡಬೇಡಿ. ಪ್ರತಿ ಬಟವಾಡೆಯ ದಿನ ಇಬ್ಬರೂ ಕೂತು ವಹಿ ಓದಿ, ತೀರಿದ ಸಾಲಕ್ಕೆ ಅವರ ಕೈಯಿಂದಲೇ ಗೆರೆ ಎಳೆಸಿ.

ಮುಂದಿನ ಬಟವಾಡೆ ಬರುವುದರೊಳಗೆ ಎರಡು ಕೆಲಸ ಮಾಡಿ: ಪಾಸ್‌ಬುಕ್ಕಿನಲ್ಲಿ ಹೆಸರು ಯಾರದೆಂದು ನೋಡಿ, ಸಾಲದ ವಹಿಯ ಮೊದಲ ಪುಟ ಬರೆಯಿರಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದ ಬರೆಸಿ. ಅವಳೂ ಲೆಕ್ಕ ಕಲಿಯಲಿ.